ಮಾತಿಲ್ಲದ ಮಗ್ಗುಲು

"ಗೀಚಿದೀಯ ತಾನೇ?" ಎನ್ನುತ್ತಲೇ ರೇಡಿಯೋ ನಿಲಯದ ಸಾಹೇಬರು ಬಾಗಿಲು ದೂಡಿಕೊಂಡು ಒಳಗೆ ಬಂದರು.

ನಿಲಯದ ರೆಕಾರ್ಡುಗಳನ್ನು ಕಾಯುವ ರೆಕಾರ್ಡಣ್ಣ ಗಾಬರಿಯಿಂದ ಎದ್ದು ನಿಂತ. ಮೇಲಿನವರು ಬೇಡವೆಂದ ಹಾಡಿನ ಮೇಲೆ ಮೊಳೆಯಿಂದ ಗೀರು ಎಳೆಯುವುದು ಅವನ ಪಾಲಿಗೆ ಬಂದ ಕೆಲಸ. ಗೀರು ಬಿತ್ತೆಂದರೆ ಮತ್ತೆ ಯಾರೂ ಅದನ್ನು ಹಾಕುವಂತಿಲ್ಲ. ಬೆಳಿಗ್ಗೆ ರೆಗೆ ಎಂಬ ಕುಣಿತದ ತಾಳದ ಹಾಡುಗಳ ಒಂದು ರೆಕಾರ್ಡನ್ನು ಕಣ್ಣಿಗೊತ್ತಿಕೊಂಡು, "ತಪ್ಪಾಯ್ತು ತಾಯಿ" ಎಂದು ಒಳಗೊಳಗೇ ಬೇಡಿಕೊಂಡು, ಆಳುವವರನ್ನು ನಿಲ್ಲಿಸಿ ಕೇಳುವ ಹಾಡುಗಳಿಗೆಲ್ಲ ಗೀರು ಎಳೆದಿದ್ದ. ಆ ರೆಕಾರ್ಡಿನ ಇನ್ನೊಂದು ಮಗ್ಗುಲಲ್ಲಿ ಅವೇ ಹಾಡುಗಳ ಬರಿಯ ತಾಳ, ಬರಿಯ ಗಿಟಾರು. ಮಾತೇ ಇಲ್ಲದ ಮೇಲೆ ತಪ್ಪೆಲ್ಲಿಂದ ಬಂತು ಎಂದು ಅದನ್ನು ಹಾಗೇ ಬಿಟ್ಟಿದ್ದ. ಈಗ ಮಧ್ಯಾಹ್ನ ಉದ್ಘೋಷಕಿ ಊಟಕ್ಕೆ ಎದ್ದಾಗ ತಾನೇ ಅದನ್ನು ಹಾಕಿಯೂ ಇದ್ದ; ಅದಿನ್ನೂ ತಿರುಗುತ್ತಿತ್ತು.

"ಗೀಚಿದೀನಿ ಸಾರ್."

"ಹಾಗಾದ್ರೆ ಇದೇನಯ್ಯ ಇದು?" ಸಾಹೇಬರು ಕಿಟಕಿ ತೆಗೆದರು.

ಎದುರಿನ ಕ್ಷೌರದಂಗಡಿಯ ರೇಡಿಯೋ ಜೋರಾಗಿತ್ತು. ಅರ್ಧ ಮುಖಕ್ಕೆ ನೊರೆ ಮೆತ್ತಿಸಿಕೊಂಡವನು, ತರಕಾರಿ ಚೀಲದ ಹೆಂಗಸರು, ಬಸ್ಸಿಗೆ ಕಾದು ನಿಂತವರು, ಎಲ್ಲರೂ ತಾಳ ಹಿಡಿದು ಹಾಡುತ್ತಿದ್ದರು. ಬೆಳಿಗ್ಗೆ ಅವನು ಗೀಚಿದ್ದ ಹಾಡೇ ಅದು, ಒಂದು ಪದವೂ ತಪ್ಪಿರಲಿಲ್ಲ.

ರೆಕಾರ್ಡಣ್ಣನಿಗೆ ತಲೆಬುಡ ತಿಳಿಯಲಿಲ್ಲ. "ಮಾತು ಇಲ್ಲಿಂದ ಹೋಗ್ತಿಲ್ಲ ಸಾರ್, ದೇವರಾಣೆ."

"ಮತ್ತೆ ಎಲ್ಲಿಂದ ಬಂತು?"

"ಅವರ ಹತ್ರಾನೇ ಇತ್ತೇನೋ."

"ತಮಾಷೆ ಮಾಡ್ತೀಯಾ? ಮೇಲಿನವರ ಕಿವಿಗೆ ಬಿದ್ರೆ ಇವತ್ತು ನಿನ್ನ ಕೆಲಸ ಹೋಗತ್ತೆ, ನಾಳೆ ನಂದು. ಇದನ್ನೂ ಗೀಚು!"

ಅವನು ಮೊಳೆ ಹಿಡಿದು ಬಗ್ಗಿದ. ತಿರುಗುವ ತಾಳದೊಳಗೆ ತಪ್ಪು ಯಾವ ಮೂಲೆಯಲ್ಲಿ ಕೂತಿದೆಯೋ ಕಾಣಲಿಲ್ಲ. "ಎಲ್ಲಿ ಗೀಚ್ಲಿ ಸಾರ್?"

"ನಿನ್ನ ತಲೆ! ಮೊದಲು ನಿಲ್ಸು."

ನಿಲ್ಲಿಸಿದ. ಬೀದಿಯ ಹಾಡೂ ನಿಂತಿತು, ಅದರೊಂದಿಗೆ ಕತ್ತರಿಯ ಸದ್ದೂ. ಬಂದ ಬಸ್ಸನ್ನು ಯಾರೂ ಹತ್ತಲಿಲ್ಲ. ಒಬ್ಬೊಬ್ಬರಾಗಿ ತಲೆಯೆತ್ತಿ ನಿಲಯದ ಕಿಟಕಿಯತ್ತ ನೋಡತೊಡಗಿದರು.

ಸಾಹೇಬರು ಪರದೆಯ ಹಿಂದೆ ಸರಿದರು. "ಏನಯ್ಯ, ಹಾಗೆ ನೋಡ್ತಿದಾರೆ?"

"ನಂಗೂ ತಿಳೀತಿಲ್ಲ ಸಾರ್."

"ಬೈತಿದಾರಾ? ಕೂಗ್ತಿದಾರಾ?"

"ಇಲ್ಲ ಸಾರ್. ಸುಮ್ನೆ ನಿಂತಿದಾರೆ."

ಸಾಹೇಬರು ಹಣೆಯ ಬೆವರು ಒರೆಸಿಕೊಂಡರು. ಮತ್ತೊಮ್ಮೆ ಪರದೆ ಸರಿಸಿ ನೋಡಿದರು. ಆಮೇಲೆ ಪಿಸುಗುಟ್ಟಿದರು:

"ಹಾಕಯ್ಯ, ಹಾಕು ಬೇಗ. ಹಾಡ್ಕೊಂಡಾದ್ರೂ ಇರ್ಲಿ."