ಕಣ್ಣಿನ ಜಾಡು

"ಗದ್ದ ಅಲ್ಲಾಡಿಸ್ಬೇಡ ವಜ್ದಿ, ಮುಂದಿನ ಚಿತ್ರ ಬರ್ತಿದೆ," ಎಂದು ಲಮ್ಯಾ ಗುಂಡಿ ಒತ್ತಿದಳು. ಕಣ್ಣಿನ ಜಾಡು ಹಿಡಿಯುವ ಯಂತ್ರದ ಕುರ್ಚಿಯಲ್ಲಿ, ಆಧಾರದ ಮೇಲೆ ಗದ್ದವಿಟ್ಟು ಕೂತಿದ್ದ ಅವನೆದುರಿಗೆ ಮೂಡಿದ್ದು ಪ್ರಯೋಗದ ಚಿತ್ರವಲ್ಲ. ಕಳೆದ ವಾರ ಸ್ಫಾಕ್ಸ್ ಊರಿನ ಅವಳ ಮನೆಯಲ್ಲಿ ಅವರಿಬ್ಬರ ಮದುವೆ ನಿಶ್ಚಯಿಸಿ ಫಾತಿಹಾ ಪ್ರಾರ್ಥನೆ ಓದಿದ ದಿನದ ಫೋಟೊ. ಅದರಲ್ಲಿ ಅವಳ ಚಿಕ್ಕಪ್ಪನ ಮಗಳು ನೆಸ್ರೀನ್ ಬಕ್ಲಾವಾ ಸಿಹಿಯ ತಟ್ಟೆ ಹಿಡಿದು ಎಲ್ಲರಿಗಿಂತ ಮುಂದೆ ನಿಂತು ನಗುತ್ತಿದ್ದಳು. ಆ ನಗು ಅಂದಿನಿಂದ ಲಮ್ಯಾಳನ್ನು ಸುಡುತ್ತಿತ್ತು.

"ಏಯ್, ಇದು ನಮ್ಮದೇ ಫೋಟೊ! ನನ್ನನ್ನೇ ಪರೀಕ್ಷೆ ಮಾಡ್ತಿದೀಯಾ?" ವಜ್ದಿ ನಕ್ಕ. ಅವನೂ ಇದೇ ಪ್ರಯೋಗಾಲಯದವನು. ನೋಡುವವರ ಕಣ್ಣು ನಿಂತಲ್ಲೆಲ್ಲ ಯಂತ್ರ ಒಂದು ಕೆಂಪು ಚುಕ್ಕೆ ಇಡುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಲಮ್ಯಾಳ ಪರದೆಯ ಮೇಲೆ ಚುಕ್ಕೆಗಳು ಬಿದ್ದವು. ಹೆಚ್ಚಿನವು ಅವಳ ಮುಖದ ಮೇಲೆಯೇ ಇದ್ದವು.

"ಸಾಕೇನೇ? ನಿನ್ನನ್ನೇ ನೋಡಿದೀನಿ ತಾನೆ? ಹೊಟ್ಟೆಕಿಚ್ಚಿನ ರಾಣಿ!"

ಅವಳಿಗೆ ನಾಚಿಕೆಯಾಯಿತು, ನಗುವೂ ಬಂತು. ಕೆಲಸದ ರೂಢಿಯಿಂದ ಉಳಿದ ಚುಕ್ಕೆಗಳನ್ನೂ ನೋಡಿದಳು. ಅಜ್ಜಿಯ ಮುಖದ ಮೇಲಿದ್ದವು, ಮಾವನ ಮೀಸೆಯ ಮೇಲಿದ್ದವು, ಬಕ್ಲಾವಾದ ಮೇಲೂ ಒಂದೆರಡು ಇದ್ದವು. ನೆಸ್ರೀನಳ ಮುಖದ ಮೇಲೆ ಒಂದೂ ಇರಲಿಲ್ಲ. ಆ ಕುರ್ಚಿಯಲ್ಲಿ ಕೂತ ಯಾರ ಕಣ್ಣೂ ಚಿತ್ರದಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವ ಮುಖವನ್ನು ತಾನಾಗಿ ಬಿಟ್ಟುಹೋಗಿರಲಿಲ್ಲ. ಬೇಕೆಂದೇ ತಪ್ಪಿಸಿದರೆ ಮಾತ್ರ ಹಾಗಾಗುತ್ತದೆ.

"ಯಾವಾಗಿಂದ?" ಎಂದು ಲಮ್ಯಾ ಕೇಳಿದಳು.

ಏನು ಯಾವಾಗಿಂದ ಎಂದು ವಜ್ದಿ ಕೇಳಲಿಲ್ಲ.