ಗುಟ್ಟಿನ ಮಂತ್ರ

ಲ್ಯಾಪ್‌ಟಾಪಿಗೆ ಹೊಸ ಕೀಬೋರ್ಡ್ ಜೋಡಿಸಿದ ಮೇಲೆ ರಿಪೇರಿ ಅಂಗಡಿಯ ವಾಸಂತಿ, "ಪಾಸ್‌ವರ್ಡ್ ಹೇಳಿ ರಾಯರೇ, ನಾನೇ ಹಾಕ್ತೀನಿ" ಎಂದಳು. ಕಣ್ಣಿನ ಆಪರೇಷನ್ ಆಗಿದ್ದ ರಾಯರಿಗೆ ಇನ್ನೂ ಅಕ್ಷರ ಕಾಣುತ್ತಿರಲಿಲ್ಲ.

"ಹೇಳೋ ಹಾಗಿಲ್ಲಮ್ಮ. ಅದು ಗುರುಗಳು ಉಪದೇಶ ಮಾಡಿದ ಮಂತ್ರ. ಇನ್ನೊಬ್ಬರಿಗೆ ಹೇಳಿದರೆ ಫಲ ಹೋಗುತ್ತೆ."

"ಹಾಗಾದ್ರೆ ಒಳಗಿರೋದೆಲ್ಲ ಅಳಿಸ್ಬೇಕಾಗುತ್ತೆ."

"ಬೇಡಮ್ಮ. ನಮ್ಮನೆಯವಳು ಹಾಡಿದ ದೇವರನಾಮ ಅದರಲ್ಲಿದೆ. ಅವಳು ಹೋದ ಮೇಲೆ ನನಗೆ ಉಳಿದಿರೋ ದನಿ ಅಷ್ಟೇ."

ವಾಸಂತಿ ತುಸು ಯೋಚಿಸಿದಳು.

"ಯಾವ ಗುರುಗಳು?"

"ಹೊಳೆದಂಡೆ ಮಠದವರು. ನನ್ನ ಜಾತಕ ನೋಡಿ, ಇದು ನಿನಗೊಬ್ಬನಿಗೇ ಅಂತ ಕೊಟ್ಟಿದ್ದು."

ಅವಳು ಏನೋ ಒತ್ತಿದಳು. ಲ್ಯಾಪ್‌ಟಾಪ್ ತೆರೆದುಕೊಂಡಿತು.

"ನಿನಗೆ ಹೇಗಮ್ಮ ಗೊತ್ತಾಯ್ತು?"

"ನನ್ನ ಜಾತಕಾನೂ ಅವರೇ ನೋಡಿದ್ದು ರಾಯರೇ. ನಿನಗೊಬ್ಬಳಿಗೇ ಅಂದಿದ್ರು."