ಬೇಲಿಯಾಚೆಯ ಹೋರಿ

ತಂತಿ ಮತ್ತೆ ತುಂಡಾಗಿತ್ತು. ತುಕ್ಕು ಹಿಡಿದು ಹರಿದದ್ದಲ್ಲ, ಇಕ್ಕಳದಿಂದ ಕತ್ತರಿಸಿದ್ದು. ಧೂಳಿನಲ್ಲಿ ಆಚೆಯ ಹಸುಗಳು ಬಂದು ಹೋದ ಗೊರಸಿನ ಗುರುತು.

"ರೇನೆಲ್," ಎಂದು ಎದಿಲ್ಮ ಕುದುರೆಯ ಮೇಲಿಂದಲೇ ಉಗಿದಳು.

ಕ್ರಿಸ್‌ಮಸ್ ಬೆಳಿಗ್ಗೆಯೂ ಬಿಡುವುದಿಲ್ಲವಲ್ಲ ಈ ಮನುಷ್ಯ! ಗುಡ್ ಫ್ರೈಡೇ ದಿನ ಈ ಬಯಲಿನಲ್ಲಿ ಯಾರೂ ಕುದುರೆ ಏರುವುದಿಲ್ಲ, ಕಬ್ಬಿಣ ಮುಟ್ಟುವುದಿಲ್ಲ. ಕ್ರಿಸ್‌ಮಸ್ಸಿಗೂ ಅಂಥದ್ದೊಂದು ಕಟ್ಟಳೆ ಇರಬೇಕಿತ್ತು ಎಂದುಕೊಂಡಳು. ಜೀನಿನ ಚೀಲದಿಂದ ಇಕ್ಕಳ ತೆಗೆದು ಬೇಲಿ ಬಿಗಿದಳು. ಈ ಬೇಲಿಗೆ ಅವಳು ಎಂದೂ ಆಳುಗಳನ್ನು ಕಳಿಸಿದವಳಲ್ಲ.

ಅವಳ ಮಗಳ ಜ್ಞಾನಸ್ನಾನದಲ್ಲಿ ಧರ್ಮತಂದೆಯಾಗಿ ಕೂಸನ್ನು ಎತ್ತಿ ಹಿಡಿದವನು ಬೇಲಿಯಾಚೆಯ ಇದೇ ರೇನೆಲ್. ಅಂದಿನಿಂದ ಅವನು ಅವಳಿಗೆ ಕೊಂಪಾದ್ರೆ, ಅವಳು ಅವನಿಗೆ ಕೊಮಾದ್ರೆ. ಆಮೇಲೊಂದು ದನದ ಸ್ಪರ್ಧೆಯಲ್ಲಿ ಅವಳ ಹೋರಿಯನ್ನು ತೋರಿಸಿ, "ಇದು ಕತ್ತೆಗೆ ಹುಟ್ಟಿದ್ದಾ?" ಎಂದ. ಊರೇ ನಕ್ಕಿತು. ಅಂದಿನಿಂದ ಇಬ್ಬರ ನಡುವೆ ಮಾತಿಲ್ಲ.

ಜನವರಿ ಬಂತು. ಜನವರಿಯ ಕರುಗಳೆಂದರೆ ಎದಿಲ್ಮಳಿಗೆ ಹೆಮ್ಮೆ, ಮಂದೆಯಲ್ಲೇ ಮೈತುಂಬಿಕೊಂಡವು. ಬೇರೆ ತಿಂಗಳ ಕರುಗಳು ಕೆಲ ವರ್ಷಗಳಿಂದ ಬಡಕಲಾಗಿ ಹುಟ್ಟುತ್ತಿದ್ದವು; ಈ ಸಲ ಇವೂ ಎದ್ದು ನಿಲ್ಲಲಿಲ್ಲ. ಆಳುಗಳು ಒಂದರ ಹಿಂದೆ ಒಂದನ್ನು ಹೂತರು.

"ಒಂದೇ ರಕ್ತ ತಿರುತಿರುಗಿ ಸೇರ್ತಿದೆ, ದೋನ್ಯಾ," ಎಂದಳು ದನದ ಡಾಕ್ಟರ್ ಯಾದಿರ; ಯಜಮಾನಿಯನ್ನು ಅಲ್ಲಿ ಎಲ್ಲರೂ ಕರೆಯುವುದೇ ಹಾಗೆ. "ನೆಂಟಸ್ತನ ಇಲ್ಲದ ಹೋರಿ ಬೇಕು. ಜೇನುಬಣ್ಣದ ಈ ಹಳೇ ತಳಿ ಉಳಿದಿರೋದು ನಿಮ್ಮಲ್ಲಿ, ಬಿಟ್ರೆ ರೇನೆಲ್ ಹತ್ರ. ಮಿಕ್ಕೋರೆಲ್ಲ ಮಾಂಸ ಜಾಸ್ತಿ ಬರುತ್ತೆ ಅಂತ ಡುಬ್ಬದ ದನದ ಜೊತೆ ಬೆರೆಸಿಬಿಟ್ರು."

"ಅವನ ಹತ್ರ ನಾನು ಕೈ ಒಡ್ಡಬೇಕಾ?"

"ಬೇಡ ಬಿಡಿ. ನಿಮ್ಮಪ್ಪ ಬೆಳೆಸಿದ ತಳಿ ತಾನೇ, ಹೋದ್ರೆ ಹೋಗ್ಲಿ."

ಎದಿಲ್ಮ ಕೊನೆಗೆ ತಲೆಯಾಡಿಸಿದಳು.

"ಮೊದಲು ಎರಡೂ ಮಂದೆಯ ಬಾಲದ ಕೂದಲು ಡಿಎನ್‌ಎ ಪರೀಕ್ಷೆಗೆ ಲ್ಯಾಬಿಗೆ ಹೋಗ್ಲಿ," ಎಂದಳು ಯಾದಿರ.

"ಅವನದ್ದು ಸಾಕಲ್ವಾ? ನಮ್ಮದ್ಯಾಕೆ ಸುಮ್ನೆ?"

ಯಾದಿರ ನಕ್ಕಳು. "ಅವ್ರೂ ಇದನ್ನೇ ಕೇಳಿದ್ರು."

ಫಲಿತಾಂಶ ಬಂದ ದಿನ ಮೂವರೂ ರೇನೆಲ್‌ನ ಜಗಲಿಯಲ್ಲಿ ಕೂತರು. ಕಪ್ಪು ಕಾಫಿ ಮುಟ್ಟುವವರಿಲ್ಲದೆ ಆರುತ್ತಿತ್ತು.

"ಹೋರಿ ಬದಲಾಯಿಸಿ ಪ್ರಯೋಜನ ಇಲ್ಲ," ಎಂದಳು ಯಾದಿರ. "ಎರಡು ಮಂದೆ ಅನ್ನೋದೇ ಸುಳ್ಳು. ಎಲ್ಲಾ ಒಂದೇ ಮನೆಯವು."

ಎದಿಲ್ಮ ಧಡಕ್ಕನೆ ಎದ್ದಳು. "ಕಳ್ಳ! ಕ್ರಿಸ್‌ಮಸ್ ಬಂತು ಅಂದ್ರೆ ತಂತಿ ಕತ್ತರಿಸಿ, ಬೆದೆಗೆ ಬಂದ ಹಸುಗಳನ್ನ ನನ್ನ ಹೋರಿ ಹತ್ರ ನುಗ್ಗಿಸ್ತಿದ್ದೆ! ಕತ್ತೆ ಅಂದ್ಯಲ್ಲ, ಅದೇ ಹೋರಿ!"

ರೇನೆಲ್ ಟೋಪಿ ತೆಗೆದು ಮೊಣಕಾಲ ಮೇಲಿಟ್ಟ. "ಹೌದು, ಕೊಮಾದ್ರೆ. ಕೇಳೋಕೆ ಮುಖ ಇರ್ಲಿಲ್ಲ. ಊರೋರೆಲ್ಲ ಪ್ರಾರ್ಥನೇಲಿರ್ತಿದ್ರು."

"ನನ್ನ ತಳಿ ಹಾಳು ಮಾಡ್ದೆ!"

"ಇಲ್ಲ, ದೋನ್ಯಾ," ಯಾದಿರಳ ದನಿ ತಗ್ಗಿತು. "ಅದರಿಂದ ಹಾಳಾಗಿದ್ದು ಇವರ ಮಂದೆ. ನಿಮ್ಮ ಕರುಗಳಲ್ಲಿರೋದು ಇವರ ಹೋರಿಯ ರಕ್ತ. ಅದೂ ಜನವರಿ ಕರುಗಳಲ್ಲಿ ಮಾತ್ರ. ಒಬ್ಬರಿಗೊಬ್ರು ಹೇಳಿ ಮಾಡಿದ್ರೆ ಎರಡೂ ಉಳೀತಿದ್ವು. ಈಗ ಹೊಸ ಹೋರಿ ಅಂತ ಎಲ್ಲೂ ಇಲ್ಲ."

ರೇನೆಲ್ ಬೆರಳು ಮಡಿಸುತ್ತ ಜನವರಿಯಿಂದ ಗಬ್ಬದ ಒಂಬತ್ತು ತಿಂಗಳು ಹಿಂದಕ್ಕೆ ಎಣಿಸಿದ. ಏಪ್ರಿಲ್‌ಗೆ ಬಂದು ನಿಂತ. ನಿಧಾನವಾಗಿ ತಲೆ ಎತ್ತಿದ.

"ಗುಡ್ ಫ್ರೈಡೇ ದಿನ ನಮ್ಮಲ್ಲಿ ಯಾರೂ ಕಬ್ಬಿಣ ಮುಟ್ಟಲ್ವಲ್ಲ, ಕೊಮಾದ್ರೆ?"

ಅಂಗಳದಲ್ಲಿ ಕಟ್ಟಿದ್ದ ಎದಿಲ್ಮಳ ಕುದುರೆ ಮೈ ಕೊಡವಿತು. ಜೀನಿನ ಚೀಲದೊಳಗೆ ಇಕ್ಕಳ ಠಣ್ಣೆಂದಿತು.